ವಾಟಿ ಪರ್ಡಿಯ ಹಣೆ

ಬಾಲ್‌ಹಾರ್ವಿ ಎಂಬ ಕಲ್ಲಿದ್ದಲ ಗಣಿಯೂರಿನ ಸಹಕಾರಿ ಬೇಕರಿಯಲ್ಲಿ ಪ್ರತಿ ಶನಿವಾರ ನಾನೂರು ಕುರಿಮಾಂಸದ ಪೈ ಬೇಯುತ್ತಿದ್ದವು. ಊರಿನ ಫುಟ್‌ಬಾಲ್ ತಂಡ ರೋವರ್ಸ್ ಊರಲ್ಲೇ ಆಡುವ ಶನಿವಾರವಾದರೆ ಒಂಬೈನೂರು. ನೆಟ್ಟಾ ಹದಿನಾರನೆಯ ವಯಸ್ಸಿನಿಂದ ಅಲ್ಲಿ ಕೆಲಸಕ್ಕಿದ್ದಳು. ಫುಟ್‌ಬಾಲ್ ಎಂದರೆ ಅವಳ ಪಾಲಿಗೆ ಹೆಚ್ಚುವರಿ ಐನೂರು ಪೈ, ಒಂದೆರಡು ಸುಟ್ಟ ಬೆರಳು, ಅಷ್ಟೆ. 1950ರ ಒಂದು ಸೋಮವಾರ ಬೆಳಿಗ್ಗೆ ಬನ್ನು ಕೊಳ್ಳಲು ಬಂದ ಎತ್ತರದ ಯುವಕನ ಹಣೆ ನೋಡಿ ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಹಣೆಯ ನಡುವೆ ಅಡ್ಡಡ್ಡ ಕೆಂಪು ಗೆರೆಗಳು. ಯಾರೋ ಒರಟು ದಾರದಲ್ಲಿ ಹೊಲಿಗೆ ಹಾಕಿ ಬಿಚ್ಚಿದ ಹಾಗೆ.

“ಯಾರು ಹೊಡೆದ್ರು ನಿಂಗೆ?”

“ಯಾರೂ ಇಲ್ಲ. ಚೆಂಡಿನ ಬಾಯಿ ಹೊಲಿದಿರೋ ಲೇಸು ತಾಗಿದ್ದು. ಮೊನ್ನೆ ಮಳೇಲಿ ಆಡಿದ್ವಲ್ಲ.”

“ಚೆಂಡನ್ನ ಕಾಲಲ್ಲಿ ಒದೀಬೇಕು ಅಂತ ನಿಂಗ್ಯಾರೂ ಹೇಳ್ಕೊಡ್ಲಿಲ್ವಾ?”

ಅವನು ನಕ್ಕ. “ಒದೆಯೋರು ಬೇರೆ ಇದಾರೆ. ಅವರು ಒದ್ದಿದ್ದನ್ನ ವಾಪಸ್ ಕಳಿಸೋದು ನನ್ನ ಕೆಲಸ.”

ಅವನೇ ವಾಟಿ ಪರ್ಡಿ, ರೋವರ್ಸ್ ತಂಡದ ಹೊಸ ಸೆಂಟರ್ ಹಾಫ್, ಗೋಲಿನ ಮುಂದೆ ನಡುವೆ ನಿಂತು ತಡೆಯುವವನು. ಮಾರನೆಯ ವರ್ಷ ಅವರಿಬ್ಬರ ಮದುವೆಯಾಯಿತು.

ವಾಟಿಯ ಅಪ್ಪ ಕಲ್ಲಿದ್ದಲಿನ ದೂಳು ಕುಡಿದು ಕುಡಿದು ನಲವತ್ತಾರಕ್ಕೇ ಉಸಿರು ಕಟ್ಟಿ ಸತ್ತಿದ್ದ. ಅಣ್ಣ ಅಲೆಕ್ 1946ರಲ್ಲಿ ಗಣಿಯ ಚಾವಣಿ ಕುಸಿದು ಸತ್ತ. ಅವನನ್ನು ಕಲ್ಲಿನಡಿಯಿಂದ ಎಳೆದವರಲ್ಲಿ ವಾಟಿಯೂ ಒಬ್ಬ. ಹದಿನಾಲ್ಕಕ್ಕೆ ನೆಲದಡಿಗೆ ಇಳಿದಿದ್ದ ಅವನು ಏಳು ವರ್ಷ ಅಲ್ಲಿ ಗೇದು, ಗಣಿಯವರ ತಂಡದಲ್ಲಿ ಆಡುತ್ತಿದ್ದಾಗ ರೋವರ್ಸ್‌ನವರ ಕಣ್ಣಿಗೆ ಬಿದ್ದ. ಸಹಿ ಹಾಕಿದ ದಿನ ಗಣಿಯ ದೀಪವನ್ನೂ ಬೂಟನ್ನೂ ವಾಪಸು ಕೊಟ್ಟು, ಮನೆಗೆ ಹೋಗದೆ, ಗುಡ್ಡದ ಮೇಲೆ ಹತ್ತಿ ಸಂಜೆಯವರೆಗೆ ಸುಮ್ಮನೆ ಬಿಸಿಲಲ್ಲಿ ಕೂತಿದ್ದನಂತೆ. ಮಾತು ಕಡಿಮೆಯ ಮನುಷ್ಯ. ಕುಡಿತವಿಲ್ಲ. ಮನೆಯ ಹಿತ್ತಲಲ್ಲಿ ಈರುಳ್ಳಿ ಜಾತಿಯ ಲೀಕ್ ಬೆಳೆದು ಊರ ಪ್ರದರ್ಶನಕ್ಕೆ ಒಯ್ಯುವುದೊಂದೇ ಚಟ.

ಆಟಕ್ಕೆ ನಿಂತರೆ ಬೇರೆಯೇ ಆಳು. ಎದುರಾಳಿಯ ಗೋಲ್‌ಕೀಪರ್ ಮೈದಾನದ ಆ ತುದಿಯಿಂದ ಒದ್ದ ಚೆಂಡು ಆಕಾಶದಿಂದ ಇಳಿಯುವಾಗ ಉಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ವಾಟಿ ಮುಂದೆ ಬರುತ್ತಿದ್ದ. ಆಗಿನ ಚೆಂಡು ಕಂದು ಬಣ್ಣದ ದಪ್ಪ ಚರ್ಮದ್ದು. ಮಳೆ ನೀರು ಹೀರಿಕೊಂಡರೆ ಕಲ್ಲಿನ ಗುಂಡು. ಅದು ಅವನ ಹಣೆಗೆ ಬಡಿದ ಸದ್ದು ಪ್ರೇಕ್ಷಕರ ಸ್ಟ್ಯಾಂಡಿನ ಮೇಲಿನ ಸಾಲಿಗೂ ಕೇಳುತ್ತಿತ್ತು. ಜನ ಹೋ ಎಂದು ಕೂಗುತ್ತಿದ್ದರು. ಒಮ್ಮೆ ನೋಡಲು ಹೋದ ನೆಟ್ಟಾ ಆ ಸದ್ದು ಕೇಳಿ, ಎರಡನೆಯ ಸಲ ಕೇಳುವ ಧೈರ್ಯವಿಲ್ಲದೆ, ಅರ್ಧಕ್ಕೇ ಎದ್ದು ಬಂದಳು.

ವಾರದ ನಡುವಿನ ಅಭ್ಯಾಸವೂ ಅದೇ. ಸ್ಟ್ಯಾಂಡಿನ ಕೆಳಗಿನ ತೊಲೆಗೆ ಹಗ್ಗ ಕಟ್ಟಿ ಒಂದು ಹಳೆಯ ಚೆಂಡನ್ನು ಇಳಿಬಿಟ್ಟಿದ್ದರು. ಮಂಗಳವಾರ ಇನ್ನೂರು ಸಲ, ಗುರುವಾರ ಇನ್ನೂರು ಸಲ ವಾಟಿ ಅದಕ್ಕೆ ಹಣೆ ಕೊಡಬೇಕು. ತರಬೇತಿ ನೋಡಿಕೊಳ್ಳುತ್ತಿದ್ದ ಡಾಡ್ ಇಮ್ರಿ ಪಕ್ಕದಲ್ಲಿ ಬಕೆಟ್ಟಿನ ಮೇಲೆ ಕೂತು ಎಣಿಸುತ್ತಿದ್ದ. ಡಾಡ್ ಒಳ್ಳೆಯ ಮನುಷ್ಯ. ಹುಡುಗರ ಕಾಲು ತಿಕ್ಕುತ್ತಿದ್ದ, ಅವರ ಮದುವೆಗಳಲ್ಲಿ ಅಳುತ್ತಿದ್ದ.

ಮೈದಾನದ ಗೇಟಿನ ಹತ್ತಿರ ಯಾವಾಗಲೂ ನಿಂತಿರುತ್ತಿದ್ದವನು ರಾಬ್ ವೀಮ್ಸ್. ಯುದ್ಧಕ್ಕೆ ಮೊದಲು ಹದಿನಾಲ್ಕು ವರ್ಷ ವಾಟಿಯ ಜಾಗದಲ್ಲೇ ಆಡಿದವನು. ವಯಸ್ಸು ಐವತ್ತೊಂದು. ಹಿಮ ಬೀಳುತ್ತಿದ್ದರೂ ಮನೆಯ ಚಪ್ಪಲಿಯಲ್ಲೇ ಬಂದು ನಿಲ್ಲುತ್ತಿದ್ದ. ಬುಧವಾರವಾಗಲಿ ಭಾನುವಾರವಾಗಲಿ, ಹೋಗಿಬರುವವರನ್ನೆಲ್ಲ ತಡೆದು “ಆಟ ಎಷ್ಟು ಗಂಟೆಗೆ?” ಎನ್ನುತ್ತಿದ್ದ. “ಮೂರಕ್ಕೆ ರಾಬ್, ಬೂಟು ಉಜ್ಜಿಟ್ಕೊ” ಎಂದು ಜನ ಬೆನ್ನು ತಟ್ಟಿ ಹೋಗುತ್ತಿದ್ದರು. ಕುಡಿದು ಕುಡಿದು ಹಾಗಾಗಿದ್ದಾನೆ ಎಂದು ಊರೇ ನಂಬಿತ್ತು.

ಒಂದು ದಿನ ಅವನ ಹೆಂಡತಿ ಎಫಿ ಬೇಕರಿಗೆ ಬಂದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೊಂಡ ಬ್ರೆಡ್ಡನ್ನು ಚೀಲಕ್ಕೆ ಹಾಕಿದ ಮೇಲೂ ಅವಳು ಅಲ್ಲೇ ನಿಂತಳು.

“ನಿನ್ ಗಂಡ ಚೆನ್ನಾಗಿ ಆಡ್ತಾನಂತೆ. ಎಲ್ರೂ ಹೇಳ್ತಾರೆ.”

“ಹೌದಂತೆ ಮಿಸೆಸ್ ವೀಮ್ಸ್. ನಾನು ನೋಡಕ್ಕೆ ಹೋಗಲ್ಲ.”

“ನಮ್ಮ ರಾಬ್ ಜೀವನದಲ್ಲಿ ಒಂದು ತೊಟ್ಟು ಕುಡಿದೋನಲ್ಲ, ಗೊತ್ತಾ? ಚರ್ಚಿನ ಹಿರಿಯರಲ್ಲಿ ಒಬ್ಬ. ಕುಡೀತಾನೆ ಅಂತ ಜನ ಆಡ್ಕೋತಾರಲ್ಲ, ಅದನ್ನ ಸುಳ್ಳು ಅನ್ನಕ್ಕೂ ಹೋಗಲ್ಲ ನಾನು. ಕುಡಿದಿದ್ರೆ ಒಂದ್ ಕಾರಣ ಆದ್ರೂ ಇರ್ತಿತ್ತು.” ಎಫಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಶುರುವಿಗೆ ಏನೂ ಗೊತ್ತಾಗಲ್ಲ ಮಗಾ. ಕೋಪ ಬರುತ್ತೆ, ಕಾರಣ ಇರಲ್ಲ. ಬೆಳಕು ನೋಡಿದ್ರೆ ಕಣ್ಣು ಮುಚ್ಕೋತಾರೆ. ಆಮೇಲೆ ಸತ್ತೋರು ಬದುಕಿರೋರು ಎಲ್ಲ ಕಲಸಿ ಹೋಗ್ತಾರೆ. ಅದಾದ್ರೆ ಮಾತ್ರ, ಹುಡುಗೀ, ಸುಮ್ನಿರಬೇಡ.”

“ನೀವು ಡಾಕ್ಟ್ರಿಗೆ ತೋರಿಸ್ಲಿಲ್ವಾ?”

“ತೋರಿಸ್ದೆ. ನರದ ದೌರ್ಬಲ್ಯ ಅಂದ್ರು. ಸಮುದ್ರದ ಗಾಳಿ ಕುಡೀಲಿ ಅಂದ್ರು.”

ಅಂದಿನಿಂದ ನೆಟ್ಟಾ ಗಂಡನನ್ನು ಗಮನಿಸತೊಡಗಿದಳು. ಊಟ ಮಾಡುವಾಗ, ಲೀಕ್ ಗಿಡಕ್ಕೆ ಮಣ್ಣು ಏರಿಸುವಾಗ, ನಿದ್ದೆಯಲ್ಲಿ ಕೂಡ. ಗಮನಿಸುತ್ತಿದ್ದಾಳೆಂದು ಅವನಿಗೆ ಗೊತ್ತಾಗದ ಹಾಗೆ ಗಮನಿಸುವುದು ಅವಳಿಗೆ ಎರಡನೆಯ ಕೆಲಸವಾಯಿತು.

1955ರ ನವೆಂಬರಿನಲ್ಲಿ, ಸುರಿಯುವ ಮಳೆಯಲ್ಲಿ ನಡೆದ ಆಟದ ಇಪ್ಪತ್ತನೆಯ ನಿಮಿಷಕ್ಕೆ, ಹತ್ತು ಗಜದಿಂದ ಬಂದ ಚೆಂಡಿಗೆ ವಾಟಿ ಹಣೆಯೊಡ್ಡಿ ಕಡಿದ ಮರದಂತೆ ಬಿದ್ದ. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಬಿದ್ದವನು ಏಳದಿದ್ದರೆ ತಂಡ ಹತ್ತೇ ಜನರಲ್ಲಿ ಆಡಬೇಕು. ಡಾಡ್ ಓಡಿಹೋಗಿ ತಣ್ಣೀರಿನ ಸ್ಪಂಜನ್ನು ಕತ್ತಿನ ಮೇಲೆ ಹಿಂಡಿ, ಮೂಗಿಗೆ ಘಾಟಿನ ಸೀಸೆ ಹಿಡಿದ. ವಾಟಿ ಎದ್ದ. ಮೊದಲು ತಪ್ಪು ಕಡೆಗೆ ಓಡಿದ, ಜನ ನಕ್ಕರು. ಆಮೇಲೆ ಕೊನೆಯವರೆಗೂ ಆಡಿ, ಕಾರ್ನರಿನಿಂದ ಬಂದ ಚೆಂಡನ್ನು ತಲೆಯಿಂದಲೇ ಗೋಲಿಗೆ ತಳ್ಳಿ ತಂಡವನ್ನು ಗೆಲ್ಲಿಸಿದ.

ಮನೆಗೆ ಬಂದು ಮೇಜಿನ ಮುಂದೆ ಕೂತು, ನೆಟ್ಟಾ ಬಡಿಸಿದ ಮೀನನ್ನು ನೋಡುತ್ತ ಕೇಳಿದ, “ಇವತ್ತು ಏನಾಯ್ತು?”

“ಎಲ್ಲಿ?”

“ಆಟದಲ್ಲಿ. ಗೆದ್ವಾ?”

ತಮಾಷೆ ಎಂದುಕೊಂಡು ಅವಳು ಸಂಜೆಯ ಪತ್ರಿಕೆಯನ್ನು ಮುಂದಿಟ್ಟಳು. ಅವನು ಬೆರಳಿಟ್ಟು ನಿಧಾನವಾಗಿ ಓದಿದ. ತನ್ನ ಹೆಸರು ಬಂದಲ್ಲಿ ಬೆರಳು ನಿಂತಿತು. “ನಾನಾ?” ಎಂದ. ಆ ದನಿಯಲ್ಲಿ ತಮಾಷೆಯಿರಲಿಲ್ಲ.

ಊರಿಗೆ ಮಾತ್ರ ಅದು ತಿಂಗಳುಗಟ್ಟಲೆ ತಮಾಷೆಯಾಯಿತು. “ವಾಟಿ ನಿದ್ದೇಲೇ ಗೋಲು ಹೊಡೀತಾನೆ ಕಣ್ರೋ, ಎಚ್ಚರ ಇದ್ರೆ ಇನ್ನೆಷ್ಟು ಹೊಡೀತಾನೋ!” ಎಂದು ಬೇಕರಿಗೆ ಬಂದವರೆಲ್ಲ ಹೇಳಿ ಹೋದರು. ನೆಟ್ಟಾ ನಗುತ್ತ ಪೈ ಕಟ್ಟಿಕೊಟ್ಟಳು.

ಮೂರು ದಿನದ ಮೇಲೆ ಅವನು ಮಧ್ಯಾಹ್ನದ ಊಟಕ್ಕೆ ಕೂತವನು ಗಡಿಯಾರ ನೋಡಿ, “ಅಲೆಕ್ ಯಾಕೆ ಇನ್ನೂ ಬರ್ಲಿಲ್ಲ? ಪಾಳಿ ಮುಗಿದು ಒಂದ್ ಗಂಟೆ ಆಯ್ತಲ್ಲ” ಎಂದ.

ನೆಟ್ಟಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವಳ ಮುಖ ನೋಡಿದ ಕೂಡಲೆ ಅವನ ಮುಖವೂ ಬಿಳಿಚಿತು.

“ಹುಡುಗಾಟಕ್ಕೆ ಅಂದೆ ಕಣೆ” ಎಂದು ಅವನು ಸೂಪಿಗೆ ಕೈಹಾಕಿದ.

ಸತ್ತ ಅಣ್ಣನ ಹೆಸರು ಹಿಡಿದು ಹುಡುಗಾಟವಾಡುವ ಮನುಷ್ಯ ಅವನಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆ ಚಳಿಗಾಲ ರೋವರ್ಸ್ ದೇಶದ ಕಪ್‌ಗಾಗಿ ನಡೆಯುವ ಪಂದ್ಯಗಳಲ್ಲಿ ಗೆಲ್ಲುತ್ತಲೇ ಹೋಯಿತು. ಗಣಿಯೂರಿನ ಸಣ್ಣ ತಂಡ ಸೆಮಿಫೈನಲ್ಲಿಗೆ ಬಂತು. ಎದುರಿಗೆ ಗ್ಲಾಸ್ಗೋದ ದೊಡ್ಡ ತಂಡ. ಅಂಗಡಿ ಕಿಟಕಿಗಳಲ್ಲಿ ಹಸಿರು ಬಿಳಿ ಪಟ್ಟಿ ಕಟ್ಟಿದರು, ಪಾದ್ರಿಗಳು ಪೀಠದಿಂದಲೇ ತಂಡಕ್ಕೆ ಒಳಿತು ಕೋರಿದರು. ವಾಟಿ ರಸ್ತೆಯಲ್ಲಿ ಹೋದರೆ ಗಂಡಸರು ಟೋಪಿ ಮುಟ್ಟಿಕೊಳ್ಳುತ್ತಿದ್ದರು. ಪಂದ್ಯಕ್ಕೆ ಹತ್ತು ದಿನವಿದ್ದಾಗ, ಮಂಗಳವಾರದ ಅಭ್ಯಾಸ ಮುಗಿಸಿ ಬಂದವನು ಹಿತ್ತಲಿಗೆ ಹೋಗಿ ವಾಂತಿ ಮಾಡಿದ. ಹಗಲಲ್ಲೇ ಕಿಟಕಿಯ ಪರದೆ ಎಳೆದು ಮಲಗಿದ. ಬೆಳಕು ಬೇಡ ಎಂದ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನೆಟ್ಟಾ ಬೇಕರಿಯಿಂದ ಹಿಟ್ಟು ಕೊಯ್ಯುವ ಚಾಕುವನ್ನು ಏಪ್ರನ್ನಿನಡಿ ಇಟ್ಟುಕೊಂಡು ಮೈದಾನಕ್ಕೆ ನಡೆದಳು. ಸ್ಟ್ಯಾಂಡಿನ ಕೆಳಗೆ ಯಾರೂ ಇರಲಿಲ್ಲ. ಒದ್ದೆ ಚೆಂಡು ತನ್ನ ಪಾಡಿಗೆ ತೂಗುತ್ತಿತ್ತು, ಯಾರೋ ಈಗಷ್ಟೆ ಮುಟ್ಟಿ ಹೋದ ಹಾಗೆ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ಹಗ್ಗ ಕೊಯ್ದಳು. ಬಿದ್ದ ಚೆಂಡನ್ನು ಎತ್ತಿ ನೋಡಿದರೆ ಎರಡೂ ಕೈಗೆ ಭಾರವಾಗಿತ್ತು. ಇದನ್ನು ಅವನು ವಾರಕ್ಕೆ ನಾನೂರು ಸಲ ತಲೆಯಲ್ಲಿ ಎತ್ತುತ್ತಿದ್ದ. ಚಾಕುವಿನಿಂದ ಅದನ್ನೂ ಸೀಳಿದಳು.

“ಅಯ್ಯಯ್ಯೋ, ಏನಮ್ಮಾ ಇದು!” ಡಾಡ್ ಇಮ್ರಿ ಬಾಗಿಲಲ್ಲಿ ನಿಂತಿದ್ದ.

“ಇನ್ನೊಂದು ಕಟ್ಟಿದ್ರೆ ಅದನ್ನೂ ಕೊಯ್ತೀನಿ ಡಾಡ್.”

“ಯಾಕೆ ತಾಯೀ? ಏನಾಯ್ತು?”

“ವಾಟಿ ಮನೇಲಿ ಸತ್ತೋರನ್ನ ಊಟಕ್ಕೆ ಕಾಯ್ತಾನೆ. ಅದಾಯ್ತು.”

ಡಾಡ್ ಬಗ್ಗಿ ಸೀಳಿದ ಚೆಂಡನ್ನು ಎತ್ತಿಕೊಂಡ. ಅವನು ಎದುರಿಗೆ ನಿಂತು ವಾದಿಸಲಿಲ್ಲ. ಅವನು ವಾದಿಸದೆ ಇದ್ದದ್ದು ಕಂಡೇ ನೆಟ್ಟಾಳಿಗೆ ಭಯ ಹೆಚ್ಚಾಯಿತು. ರಾಬ್ ವೀಮ್ಸ್‌ಗೂ ಸ್ಪಂಜು ಹಿಂಡಿದವನು ಇವನೇ ಅಲ್ಲವೆ?

ಅವಳು ನೇರ ಮ್ಯಾನೇಜರ್ ಪಿಟ್‌ಕೆತ್ಲಿಯ ಕೋಣೆಗೆ ಹೋದಳು. ಅವನು ಎದ್ದು ಕುರ್ಚಿ ಎಳೆದು ಕೊಟ್ಟ, ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

“ನೋಡಿ ಮಿಸೆಸ್ ಪರ್ಡಿ, ನಮ್ಮ ಡಾಕ್ಟ್ರು ಅವನನ್ನ ಪರೀಕ್ಷೆ ಮಾಡಿದಾರೆ. ಎತ್ತಿನ ಹಾಗೆ ಗಟ್ಟಿ ಇದಾನೆ ಅಂದ್ರು.”

“ಮೈ ಗಟ್ಟಿ ಇದೆ ಸ್ವಾಮಿ. ನಾನು ಹೇಳ್ತಿರೋದು ತಲೆ ವಿಷಯ.”

“ಸೆಮಿಫೈನಲ್ ಅಂದ್ರೆ ಹೆಂಗಸರಿಗೂ ಆತಂಕ ಇರುತ್ತೆ. ಸಹಜ.”

“ಗೇಟ್ ಹತ್ರ ನಿಂತಿರೋನು ಯಾರು? ಅವನನ್ನ ದಿನಾ ದಾಟ್ಕೊಂಡೇ ಬರ್ತೀರಲ್ಲ ನೀವು?”

ಪಿಟ್‌ಕೆತ್ಲಿ ಗೇಟು ಕಾಣುವ ಕಿಟಕಿಯ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಟ್ಟು, “ವಾಟಿ ಬಂದು ‘ನಾನು ಆಡಲ್ಲ’ ಅಂತ ಹೇಳ್ಲಿ. ಆ ಕ್ಷಣವೇ ಬಿಟ್ಬಿಡ್ತೀನಿ” ಎಂದ.

ಸುದ್ದಿ ಅವಳಿಗಿಂತ ಮುಂಚೆ ವಾಟಿಯನ್ನು ಮುಟ್ಟಿತ್ತು. ಗಣಿಯ ಮಣ್ಣುಗುಡ್ಡದ ಪಕ್ಕದ ದಾರಿಯಲ್ಲಿ ಅವನು ಅಡ್ಡ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ನನ್ನ ಮಾನ ತೆಗ್ದೆಯಲ್ಲ ನೆಟ್ಟಾ.”

“ತೆಗೆದೆ. ಇನ್ನೊಂದ್ ಸಲ ಬೇಕಾದ್ರೂ ತೆಗೀತೀನಿ. ನಿಂಗೆ ರಾಬ್ ಕಣ್ಣಿಗೆ ಬೀಳಲ್ವಾ?”

“ಬೀಳ್ತಾನೆ.” ಅವನು ದೂರ ನೋಡುತ್ತ ಹೇಳಿದ. “ನಾನು ಆ ಗೇಟಲ್ಲಿ ಹೋಗದೆ ಎರಡು ವರ್ಷ ಆಯ್ತು. ಹಿಂದುಗಡೆ ಬೇಲಿ ಹಾರಿ ಹೋಗ್ತೀನಿ. ನೀನು ಗಮನಿಸ್ಲಿಲ್ಲ, ಅಷ್ಟೆ.”

ನೆಟ್ಟಾ ಅವನ ತೋಳು ಹಿಡಿದುಕೊಂಡಳು.

“ಬಿಟ್ರೆ ಏನ್ ಮಾಡ್ಲಿ ಹೇಳು. ನಂಗೆ ಗೊತ್ತಿರೋದು ಎರಡೇ ಕೆಲಸ. ಒಂದು ಇದು. ಇನ್ನೊಂದು ಅಲ್ಲಿ ಕೆಳಗಿದೆ.” ಅವನು ಕಾಲಿನಿಂದ ನೆಲ ತಟ್ಟಿದ. “ಅಪ್ಪನ್ನ ಅದು ತಗೊಂಡ್ತು. ಅಲೆಕ್‌ನ ತಗೊಂಡ್ತು. ಇಲ್ಲಾದ್ರೆ ಬೆಳಕಾದ್ರೂ ಇದೆ. ಏನಾಗೋದಿದ್ರೂ ಬೆಳಕಲ್ಲಿ ಆಗ್ಲಿ.”

ಶನಿವಾರದ ಹೊತ್ತಿಗೆ ಸ್ಟ್ಯಾಂಡಿನ ಕೆಳಗೆ ಹೊಸ ಹಗ್ಗವಿತ್ತು, ಹೊಸ ಚೆಂಡಿತ್ತು.

ಎಡಿನ್‌ಬರೋದಲ್ಲಿ ನಡೆದ ಸೆಮಿಫೈನಲ್ ಗೋಲಿಲ್ಲದೆ ಮುಗಿಯಿತು. ಗ್ಲಾಸ್ಗೋದವರು ತೊಂಬತ್ತು ನಿಮಿಷವೂ ಚೆಂಡನ್ನು ಎತ್ತಿ ಎತ್ತಿ ಗೋಲಿನ ಬಾಯಿಗೆ ಹಾಕಿದರು, ವಾಟಿ ಎಲ್ಲವನ್ನೂ ಹಣೆಯಲ್ಲಿ ಹಿಂದಕ್ಕೆ ಕಳಿಸಿದ. ಗೋಡೆ ಎಂದು ಪತ್ರಿಕೆಗಳು ಬರೆದವು. ನಾಲ್ಕು ದಿನದ ಮೇಲಿನ ಮರುಪಂದ್ಯದಲ್ಲಿ ರೋವರ್ಸ್ ಮೂರು ಗೋಲಿನಿಂದ ಸೋತಿತು. ಆದರೂ ಆ ಬೇಸಿಗೆ ದೇಶದ ತಂಡದಿಂದ ವಾಟಿಗೆ ಕಾಗದ ಬಂತು. ಹಡಗು ಹತ್ತಿ ಬೆಲ್‌ಫಾಸ್ಟಿಗೆ ಹೋಗಿ, ಆಟಕ್ಕೆ ಮೊದಲೇ ಯಾರಾದರೂ ಕಾಯಿಲೆ ಬಿದ್ದರೆ ಇರಲೆಂದು ಕರೆದ ಹೆಚ್ಚುವರಿ ಆಟಗಾರನಾಗಿ ಹೊರಗೇ ಕೂತು, ಆ ತಂಡದ ನೀಲಿ ಅಂಗಿಯನ್ನು ತೊಡದೆಯೇ ವಾಪಸಾದ. ತನಗೊಂದು ಡಬ್ಬಿ ಬಿಸ್ಕತ್ತು ತಂದಿದ್ದ ಎಂದು ನೆಟ್ಟಾ ನೆನೆಯುತ್ತಿದ್ದಳು.

ಇನ್ನೂ ಐದು ವರ್ಷ ಆಡಿದ. ಕೊನೆಕೊನೆಗೆ ಅವನ ಕೋಪಕ್ಕೆ ಗೊತ್ತುಗುರಿ ಇರಲಿಲ್ಲ. ತಾನೇ ಬೆಳೆದ ಲೀಕ್ ಗಿಡಗಳನ್ನು ಒಂದು ಸಂಜೆ ತುಳಿದುಹಾಕಿ, ಮರುದಿನ ಯಾವ ದನ ನುಗ್ಗಿತ್ತು ಎಂದು ಕೇಳಿದ. 1961ರಲ್ಲಿ ರೋವರ್ಸ್ ಅವನನ್ನು ಬಿಟ್ಟಿತು. ಗಣಿಗೆ ಹೋಗಬೇಕಾಗಿ ಬರಲಿಲ್ಲ, ಸಹಕಾರಿ ಸಂಘದವರು ಹಾಲಿನ ಗಾಡಿಯ ಕೆಲಸ ಕೊಟ್ಟರು. ನೆಟ್ಟಾಳಿಗೆ ನೆಮ್ಮದಿಯಾಯಿತು. ಚೆಂಡಿನ ಕಾಟ ತಪ್ಪಿತಲ್ಲ, ಕಾಯಿಲೆ ಇನ್ನು ಮುಂದುವರಿಯುವುದಿಲ್ಲ ಎಂದುಕೊಂಡಳು.

ಆರು ವರ್ಷ ವಾಟಿ ಕುದುರೆ ಗಾಡಿಯಲ್ಲಿ ಹಾಲು ಹಾಕಿದ. ಒಂದು ದಿನ ತಪ್ಪಿಲ್ಲ, ಒಂದು ಮನೆ ತಪ್ಪಿಲ್ಲ. 1967ರಲ್ಲಿ ಸಂಘದವರು ಡ್ಯೂಕ್ ಎಂಬ ಆ ಮುದಿ ಕುದುರೆಯನ್ನು ಬಿಡುಗಡೆ ಮಾಡಿ ಬ್ಯಾಟರಿ ಗಾಡಿ ತಂದರು. ಮೊದಲ ದಿನವೇ ವಾಟಿ ಹತ್ತು ಗಂಟೆಯಾದರೂ ವಾಪಸು ಬರಲಿಲ್ಲ. ಪೊಲೀಸಿನವನು ಅವನನ್ನು ಆರು ಮೈಲಿ ಆಚೆ, ಕರ್‌ಕಾಲ್ಡಿಯ ರಸ್ತೆಯ ಅಂಚಿನಲ್ಲಿ ಕಂಡ. ಗಾಡಿಯ ತುಂಬ ಹಾಲಿನ ಸೀಸೆಗಳು ಹಾಗೇ ಇದ್ದವು. ಒಂದು ಮನೆಗೂ ಹಾಕಿರಲಿಲ್ಲ.

“ದಾರಿ ಗೊತ್ತಿಲ್ಲ ಅಂತ ಯಾಕೆ ಹೇಳ್ಲಿಲ್ಲ?” ಎಂದು ನೆಟ್ಟಾ ಕೇಳಿದಳು.

“ಅದಕ್ಕೆ ಗೊತ್ತಿತ್ತು” ಎಂದ ಅವನು. ಅಷ್ಟು ವರ್ಷವೂ ಪ್ರತಿ ಬಾಗಿಲ ಮುಂದೆ ನಿಂತದ್ದು ಕುದುರೆ. ಇವನು ಅದು ನಿಂತಲ್ಲಿ ಇಳಿಯುತ್ತಿದ್ದ. ಆಗ ಅವನಿಗೆ ಮೂವತ್ತೊಂಬತ್ತು.

ಅವನೂ ಮೈದಾನದ ಗೇಟಿಗೆ ಹೋಗಿ ನಿಲ್ಲುತ್ತಾನೆಂದು ಅವಳು ಹೆದರಿದ್ದಳು. ಹಾಗಾಗಲಿಲ್ಲ. ಅವನು ಹೋಗುತ್ತಿದ್ದದ್ದು ಗಣಿಯ ಕಡೆ. ಮುಚ್ಚಿ ಮೂರು ವರ್ಷವಾಗಿದ್ದ ಗಣಿಗೆ, ಬ್ರೆಡ್ಡಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಪಾಳಿಗೆ ತಡವಾಯಿತೆಂದು ಓಡುತ್ತ ಹೋಗುತ್ತಿದ್ದ. ಅವನನ್ನು ತಡೆದರೆ ಅಳುತ್ತಿದ್ದ. “ಅಲೆಕ್ ಕಾಯ್ತಿದಾನೆ ಬಿಡ್ರೀ” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನೆಟ್ಟಾ ಹಳೆಯ ಪತ್ರಿಕೆಯ ತುಣುಕುಗಳನ್ನು ತೆಗೆದು ಅವನ ಮುಂದೆ ಹರಡಿದಳು. ಗಾಳಿಯಲ್ಲಿ ಎದ್ದು ನಿಂತ ವಾಟಿ, ಕೆಸರಿನಲ್ಲಿ ಬಿದ್ದ ವಾಟಿ, ಎಡಿನ್‌ಬರೋದ ಗೋಡೆ. ಅವನು ಮರ್ಯಾದೆಯಿಂದ ಒಂದೊಂದನ್ನೂ ನೋಡಿದ.

“ಒಳ್ಳೆ ಎತ್ತರ ಇದಾನೆ. ಯಾರಿವನು?”

“ನೀನೇ ಕಣೋ.”

“ನಾನು ಗಣಿಯೋನು ಅಮ್ಮಾ” ಎಂದ ಅವನು, ಗುರುತಿಲ್ಲದ ಹೆಂಗಸಿನ ಜೊತೆ ಮಾತಾಡುವ ಹಾಗೆ. “ನಮಗೆಲ್ಲಿ ಇದೆಲ್ಲ.”

ನೆಟ್ಟಾ ತುಣುಕುಗಳನ್ನು ಜೋಡಿಸಿ ಒಳಗಿಟ್ಟಳು. ಹನ್ನೆರಡು ವರ್ಷದ ಆಟ, ಜನರ ಕೂಗು, ಬಿಸಿಲು, ಅವಳು, ಎಲ್ಲವೂ ಅಳಿಸಿಹೋಗಿತ್ತು. ಯಾವುದರಿಂದ ತಪ್ಪಿಸಿಕೊಳ್ಳಲು ಅವನು ತಲೆಯೊಡ್ಡಿದ್ದನೋ ಆ ಏಳು ವರ್ಷ ಮಾತ್ರ ಉಳಿದಿತ್ತು.

ಕೊನೆಯ ಐದು ವರ್ಷ ಅವನು ಆಸ್ಪತ್ರೆಯ ವಾರ್ಡಿನಲ್ಲಿದ್ದ. ದೊಡ್ಡ ಕಿಟಕಿಗಳಿದ್ದ ಬೆಳ್ಳನೆಯ ವಾರ್ಡು. ಅವನು ಮಾತ್ರ ತಗ್ಗಿನ ಸುರಂಗದಲ್ಲಿರುವವನಂತೆ ಬೆನ್ನು ಬಗ್ಗಿಸಿಯೇ ನಡೆಯುತ್ತಿದ್ದ. ಒಮ್ಮೊಮ್ಮೆ ಬೆರಳೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, “ಕೇಳಿ, ಚಾವಣಿಗೆ ಕೊಟ್ಟಿರೋ ಕಂಬ ಲಟಲಟ ಅಂತಿದೆ” ಎನ್ನುತ್ತಿದ್ದ. ಆಮೇಲೆ ಮಂಚದಡಿ ಸೇರಿ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದ. ನೆಟ್ಟಾ ಅವನ ಪಕ್ಕ ನೆಲದ ಮೇಲೆ ಮಲಗಿ, ಕುಸಿತ ನಿಂತಿತು ಎಂದು ಅವನು ಹೇಳುವವರೆಗೂ ಅಲ್ಲೇ ಇರುತ್ತಿದ್ದಳು. 1976ರ ಮಾರ್ಚಿನಲ್ಲಿ ಅವನು ಸತ್ತ. ನಲವತ್ತೆಂಟು ವರ್ಷ.

ಶವವನ್ನು ಪರೀಕ್ಷಿಸುವ ಯುವ ಡಾಕ್ಟರ್ ಮಿದುಳನ್ನು ಇರಿಸಿಕೊಳ್ಳಲು ಒಪ್ಪಿಗೆ ಕೇಳಿದ, ಅವಳು ಕೊಟ್ಟಳು. ಎರಡು ತಿಂಗಳ ಮೇಲೆ ಅವನೇ ಕರೆಸಿದ. ಮೇಜಿನ ಮೇಲೆ ಕಾಗದವೊಂದಿತ್ತು, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

“ನಿಮ್ಮ ಯಜಮಾನರು ಬಾಕ್ಸಿಂಗ್ ಮಾಡ್ತಿದ್ರಾ? ತುಂಬ ವರ್ಷ?”

“ಇಲ್ಲ.”

“ಖಂಡಿತಾನಾ? ಇಷ್ಟು ಏಟು ತಿಂದ ಮಿದುಳನ್ನ ನಾನು ಬಾಕ್ಸರ್‌ಗಳಲ್ಲಿ ಮಾತ್ರ ನೋಡಿರೋದು.”

“ಫುಟ್‌ಬಾಲ್ ಆಡ್ತಿದ್ದ. ಸೆಂಟರ್ ಹಾಫ್.”

ಡಾಕ್ಟರ್ ಬರೆಯಲು ಪೆನ್ನು ಎತ್ತಿದವನು ಬರೆಯಲಿಲ್ಲ. ಕೊನೆಗೆ ಕೇಳಿದ, “ಅವರ ಜೊತೆ ಆಡಿದೋರು ಬೇರೆ ಯಾರಾದ್ರೂ ಹೀಗೆ...?”

ನೆಟ್ಟಾ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಯೋಚಿಸಿ, ನಾಲ್ಕು ಹೆಸರು ಹೇಳಿದಳು. ಪ್ರತಿಯೊಂದನ್ನೂ ಹೇಗೆ ಬರೆಯಬೇಕೆಂದು ಬಿಡಿಸಿ ಹೇಳಿದಳು. ಆ ನಾಲ್ವರಲ್ಲಿ ಇಬ್ಬರು ಸತ್ತಿದ್ದರು. ಮೂರನೆಯವನು ಮಗಳ ಮನೆಯಲ್ಲಿದ್ದ, ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ನಾಲ್ಕನೆಯವನು ಈಗ ರೋವರ್ಸ್ ತಂಡದ ತರಬೇತಿ ನೋಡಿಕೊಳ್ಳುತ್ತಿದ್ದ, ವಯಸ್ಸು ನಲವತ್ತೆರಡು. ಹಿಂದಿನ ವಾರ ಬೇಕರಿಗೆ ಬಂದವನು ಚಿಲ್ಲರೆಯನ್ನು ಕೈಯಲ್ಲಿ ಹಿಡಿದುಕೊಂಡು, ಏನು ಕೊಳ್ಳಲು ಬಂದೆನೆಂದು ತಿಳಿಯದೆ, ಅವಳ ಮುಂದೆ ಬಹಳ ಹೊತ್ತು ನಗುತ್ತ ನಿಂತಿದ್ದ.